ಬೇಸ್‌ಮೆಂಟಿನ ನಲ್ಲಿ ಮತ್ತು ನನ್ನ ಎಕ್ಸೆಲ್ ಶೀಟು

ಬರೆಯದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು. ನಿಜ ಏನಂದ್ರೆ, ಬರೆಯಬೇಕಾದ ವಿಷಯ ಒಂದಿತ್ತು, ಅದನ್ನು ಬರೆಯೋಕೆ ನಾಚಿಕೆಯಾಗ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಸಿನಿಮಾ ಬಗ್ಗೆಯೋ ಚಾರಣದ ಬಗ್ಗೆಯೋ ಬರೆಯೋಣ ಅಂದ್ರೆ ಕೈ ಓಡಲಿಲ್ಲ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ 'ನೀರು ಉಳಿಸಿ, ವಿದ್ಯುತ್ ಉಳಿಸಿ' ಅಂತ ಹೊಸ ಫ್ಲೆಕ್ಸ್ ಬಿತ್ತು. ಎರಡು ಹಸಿರು ಎಲೆ, ಒಂದು ಹನಿ, ಕೆಳಗೆ ಪದಾಧಿಕಾರಿಗಳ ಫೋಟೋ. ಅದನ್ನು ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ :-)

ನಾನಿರೋದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ. ಎರಡು ಬ್ಲಾಕು, ನಾಲ್ಕು ಮಹಡಿ, 64 ಮನೆಗಳ ಸಾಧಾರಣ ಅಪಾರ್ಟ್‌ಮೆಂಟು. ಈಜುಕೊಳ ಗೀಜುಕೊಳ ಏನೂ ಇಲ್ಲ. ನಾನು ಬಾಡಿಗೆದಾರ. ಅಂದ್ರೆ ಮೇಂಟೆನೆನ್ಸ್ ಕಟ್ಟೋ ಹಕ್ಕು ಇದೆ, ವೋಟ್ ಹಾಕೋ ಹಕ್ಕು ಇಲ್ಲ.

2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆಲ್ಲ ನೆನಪಿರುತ್ತೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಫೆಬ್ರವರಿ ಹೊತ್ತಿಗೆ ನಮ್ಮ ಬೋರ್‌ವೆಲ್ಲು ನೀರಿನ ಬದಲು ಗಾಳಿ ಕಕ್ಕೋಕೆ ಶುರು ಮಾಡ್ತು. ನಮ್ಮ ಕಡೆಗೆ ಕಾವೇರಿ ಪೈಪು ಇನ್ನೂ ಬಂದಿರಲಿಲ್ಲ (ಐದನೇ ಹಂತದ ಉದ್ಘಾಟನೆ ಆಗಿದ್ದು ಆ ವರ್ಷದ ಅಕ್ಟೋಬರಿನಲ್ಲಿ). ಹಾಗಾಗಿ ದಿನಕ್ಕೆ 12,000 ಲೀಟರಿನ ಮೂರು ಟ್ಯಾಂಕರು. ಮಾರ್ಚಿನಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ ದರ ಕಟ್ಟಿತು. ಆ ದರಕ್ಕೆ ಬರೋ ಟ್ಯಾಂಕರನ್ನು ಹುಡುಕೋದು ಮಾತ್ರ ಸರ್ಕಾರಿ ಕಚೇರಿಯಲ್ಲಿ ಚಿಲ್ಲರೆ ಹುಡುಕಿದ ಹಾಗೆ. ಅದೇ ತಿಂಗಳು ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ, ಕಟ್ಟಡ ಕಟ್ಟೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನಲ್ಲಿಗಳಿಗೆಲ್ಲ ಏರೇಟರ್ ಹಾಕಿ ಅಂತ ಇನ್ನೊಂದು ಆದೇಶ.

ನಮ್ಮ ಅಸೋಸಿಯೇಷನ್ನಿನವರು ತುರ್ತು ಮೀಟಿಂಗ್ ಕರೆದರು. 'ನೀರು ಉಳಿತಾಯ ಸಮಿತಿ' ಅಂತ ಒಂದಾಯ್ತು. "ಯಾರಿಗಾದ್ರೂ ಎಕ್ಸೆಲ್ ಚೆನ್ನಾಗಿ ಬರುತ್ತಾ?" ಅಂತ ಕೇಳಿದರು. ಸಾಫ್ಟ್‌ವೇರಿನವರೇ ಅರ್ಧ ತುಂಬಿರೋ ಬಿಲ್ಡಿಂಗಿನಲ್ಲಿ ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ವೋಟ್ ಇಲ್ಲದವನಿಗೆ ಒಂದು ಕೆಲಸವಾದರೂ ಇರಲಿ ಅಂತ.

ಇಲ್ಲಿಂದ ಕಥೆ ಶುರು.

ನೀರಿನ ಲೆಕ್ಕ ಮಾಡಬೇಕಾದರೆ ಮೀಟರ್ ಬೇಕಲ್ಲ. ಪ್ಲಂಬರ್ ಜೊತೆ ಮೂರು ದಿನ ಬೆಳಗ್ಗೆ ಆರಕ್ಕೆದ್ದು ಪೈಪುಗಳ ಹಿಂದೆ ಬಿದ್ದೆ. ಎರಡೂ ಬ್ಲಾಕಿನ 64 ಮನೆಗಳಿಗೆ ಒಂದೂ ಮೀಟರ್ ಇಲ್ಲ. ಇರೋದು ಒಂದೇ ಒಂದು, ಬಿಲ್ಡರ್ ಯಾವುದೋ ಕಾಲದಲ್ಲಿ ತೋಟದ ಲೈನಿಗೆ ಹಾಕಿದ್ದು. ಆ ಲೈನು ತೋಟಕ್ಕೆ, ಬೇಸ್‌ಮೆಂಟ್ ತೊಳೆಯೋಕೆ, ಡ್ರೈವರ್‌ಗಳ ಶೌಚಾಲಯಕ್ಕೆ ಮತ್ತು ಸೆಕ್ಯುರಿಟಿಯವರ ಎರಡು ಕೋಣೆಗಳ ಹೊರಗಿನ ನಲ್ಲಿಗೆ ಹೋಗುತ್ತೆ. ತೋಟಕ್ಕೆ ನೀರು ನಿಲ್ಲಿಸಿದ ಮೇಲೂ ಆ ಮೀಟರ್ ದಿನಕ್ಕೆ 1,100 ಲೀಟರ್ ತೋರಿಸ್ತಿತ್ತು.

ನಾನು ಅದನ್ನು ಶೀಟಿನಲ್ಲಿ ಕೆಂಪು ಬಣ್ಣ ಹಾಕಿ ತೋರಿಸಿದೆ. 'ಕಾಮನ್ ಏರಿಯಾ ಬಳಕೆ: 1,100.' ಇಡೀ ಶೀಟಿನಲ್ಲಿ ಖಚಿತವಾಗಿ ಗೊತ್ತಿದ್ದ ಸಂಖ್ಯೆ ಅದೊಂದೇ. ಉಳಿದಿದ್ದೆಲ್ಲ ಅಂದಾಜು. ಖಚಿತವಾಗಿ ಕಾಣೋದರ ಮೇಲೆ ತಾನೇ ಎಲ್ಲರ ಕಣ್ಣು? ಸಮಿತಿ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿತು. ಬೇಸ್‌ಮೆಂಟಿನ ನಲ್ಲಿ ಬೆಳಗ್ಗೆ 7ರಿಂದ 8ರವರೆಗೆ ಮಾತ್ರ. ಮಾರನೇ ದಿನವೇ ವಾಲ್ವಿಗೆ ಬೀಗ ಬಿತ್ತು. ಮೀಟರ್ 400ಕ್ಕೆ ಇಳಿಯಿತು. ನಾನು ಕೆಂಪನ್ನು ಹಸಿರು ಮಾಡಿ, 'ದಿನಕ್ಕೆ 700 ಲೀಟರ್ ಉಳಿತಾಯ' ಅಂತ ಗ್ರಾಫ್ ಎಳೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. 41 ಜನ ಹೆಬ್ಬೆರಳು ಎತ್ತಿದರು. ಒಬ್ಬರು 'ಗ್ರೇಟ್ ಜಾಬ್ ಯಂಗ್ ಮ್ಯಾನ್' ಅಂದರು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನ ಕಳೆದಿರಬೇಕು. ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಬಂದು ಬೈಕ್ ನಿಲ್ಲಿಸ್ತಿದ್ದೆ. ನಮ್ಮ ವಾಚ್‌ಮನ್ನಿನ ಹೆಂಡತಿ ಎರಡು ಕೈಯಲ್ಲಿ ಎರಡು ಹಳೇ ಪೇಂಟ್ ಬಕೆಟ್ ಹಿಡಿದು ಮೆಟ್ಟಿಲು ಇಳೀತಿದ್ದರು. ರಾಯಚೂರು ಕಡೆಯವರು, ನಾಲ್ಕು ಮನೆಗಳಲ್ಲಿ ಪಾತ್ರೆ-ನೆಲ ಮಾಡ್ತಾರೆ. ಕೆಲಸದ ಮನೆಯವರನ್ನು ಕೇಳಿ ನೀರು ತರ್ತಿದ್ದರು. ಲಿಫ್ಟ್‌ನಲ್ಲಿ ನೀರು ತುಂಬಿದ ಬಕೆಟ್ ಒಯ್ಯಬಾರದು ಅಂತ ನಿಯಮ. ನಾನು ಒಂದು ಬಕೆಟ್ ಇಸ್ಕೊಳ್ಳೋಕೆ ಹೋದೆ, ಕೊಡಲಿಲ್ಲ. ನಿಂತು, ಕೋಪ ಏನೂ ಇಲ್ಲದೆ, ನಿಜವಾಗಿಯೂ ತಿಳ್ಕೊಳ್ಳೋಕೆ ಅನ್ನೋ ಹಾಗೆ ಕೇಳಿದರು:

"ಸರ, ನೀರಿನ ಲೆಕ್ಕಾ ನೀವ ಬರೀತೀರಂತಲ್ರೀ. ನಮ್ಮದು ಎಷ್ಟ್ ಬಂತ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮನೆಯದ್ದು ಎಷ್ಟು ಅಂತ ನಾನು ಲೆಕ್ಕವೇ ಹಾಕಿರಲಿಲ್ಲ. ನನ್ನ ಶೀಟಿನಲ್ಲಿ ಅವರು ಜನ ಆಗಿರಲಿಲ್ಲ, 'ಕಾಮನ್ ಏರಿಯಾ' ಆಗಿದ್ದರು.

ಆ ರಾತ್ರಿ ಊಟ ಮಾಡದೆ ಕೂತು ಲೆಕ್ಕ ಹಾಕಿದೆ. ಎರಡು ಕೋಣೆಗಳಲ್ಲಿ ಏಳು ಜನ, ಅದರಲ್ಲಿ ಎರಡು ಮಕ್ಕಳು. ಬೀಗ ಹಾಕಿದ ಮೇಲೆ 400 ಲೀಟರು, ಅದರಲ್ಲೇ ಡ್ರೈವರ್‌ಗಳ ಶೌಚಾಲಯವೂ ಸೇರಿ. ಎಲ್ಲಾ ಅವರಿಗೇ ಸಿಕ್ಕಿತು ಅಂದುಕೊಂಡರೂ ತಲೆಗೆ 57 ಲೀಟರ್. ಇನ್ನು ನಾವು? ಮೂರು ಟ್ಯಾಂಕರಿನ 36,000 ಲೀಟರಿನಲ್ಲಿ ಕಾಮನ್ ಲೈನು ಕಳೆದು, 64 ಮನೆಯ ಸುಮಾರು 210 ಜನಕ್ಕೆ ಹಂಚಿದರೆ ತಲೆಗೆ 165ರ ಮೇಲೆ. ನಗರಗಳಿಗೆ ನೀರು ಕೊಡೋ ಯೋಜನೆಗಳಲ್ಲಿ ಸರ್ಕಾರ ಇಟ್ಟುಕೊಳ್ಳೋ ಮಾನದಂಡ ತಲೆಗೆ 135 ಲೀಟರ್. ನಾವು ಅದಕ್ಕಿಂತ ಜಾಸ್ತಿ ಬಳಸ್ತಾ, ಅದಕ್ಕಿಂತ ಅರ್ಧವೂ ಇಲ್ಲದವರ ಹತ್ತಿರ 'ಉಳಿತಾಯ' ಮಾಡಿಸಿದ್ದೆವು. ಆ 700 ಲೀಟರು ನಮ್ಮ ಒಟ್ಟು ಬಳಕೆಯ ನೂರಕ್ಕೆ ಎರಡು ಭಾಗ ಕೂಡ ಅಲ್ಲ. ಪ್ರತಿ ಮನೆಯವರು ಒಂದು ಬಕೆಟ್ ಕಡಿಮೆ ಬಳಸಿದ್ದರೆ ಅದಕ್ಕಿಂತ ಹೆಚ್ಚು ಉಳೀತಿತ್ತು.

ಇದಾಗಿದ್ದು ಯಾರೋ ಕೆಟ್ಟವರಿದ್ದರು ಅಂತಲ್ಲ. ಸಮಿತಿಯಲ್ಲಿದ್ದವರೆಲ್ಲ ಒಳ್ಳೆಯವರೇ. ನಾನೂ ನನ್ನ ದೃಷ್ಟಿಯಲ್ಲಿ ಒಳ್ಳೆಯವನೇ :-) ಎಲ್ಲಿ ಮೀಟರ್ ಇತ್ತೋ, ಎಲ್ಲಿ ಎದುರು ಮಾತಾಡೋರು ಇರಲಿಲ್ಲವೋ ಅಲ್ಲಿಂದ ಉಳಿತಾಯ ಶುರು ಮಾಡಿದೆವು, ಅಷ್ಟೇ. ಇಂಥ ಎಷ್ಟೋ ಕಾರ್ಯಕ್ರಮಗಳು ಹೀಗೇ ದಾರಿ ತಪ್ಪುತ್ತವೆ ಅನ್ನೋದು ನನ್ನ ಈಗಿನ ಅಭಿಪ್ರಾಯ.

ಅದೇ ದಿನಗಳಲ್ಲಿ ನಡೆದ ಇನ್ನೊಂದು ಕಥೆ ಕೇಳಿ. ಮೂರನೇ ಮಹಡಿಯ ಒಂದು ಮನೆಯಲ್ಲಿ ರಿನೋವೇಷನ್. ಆರು ವರ್ಷದ ಟೈಲ್ಸು, ಒಂದೂ ಬಿರುಕಿಲ್ಲ, ಬಣ್ಣ ಹಳೇದಾಯ್ತು ಅಂತ ಒಡೆದು ಹಾಕಿದರು. ಅಡುಗೆಮನೆಯ ಗ್ರಾನೈಟ್ ಕಟ್ಟೆಯೂ ಹೋಯ್ತು. ಕಾರು ತೊಳೆದರೆ 5,000 ದಂಡ ಅಂತ ಗೇಟಿನಲ್ಲಿ ಅಂಟಿಸಿದ್ದ ನೋಟೀಸಿನ ಪಕ್ಕದಲ್ಲೇ ಸಿಮೆಂಟಿನ ಚೀಲಗಳು ಒಳಗೆ ಹೋಗ್ತಿದ್ದವು. ಕಲಸೋಕೆ, ಹೊಸ ಪ್ಲಾಸ್ಟರಿಗೆ ವಾರಗಟ್ಟಲೆ ನೀರು ಹಾಕೋಕೆ ಬಳಸಿದ್ದು ಅದೇ ಟ್ಯಾಂಕರ್ ನೀರು. ಅದನ್ನು ಯಾರೂ ಕೇಳಲಿಲ್ಲ, ಯಾಕಂದ್ರೆ ಆ ಮನೆಗೆ ಮೀಟರ್ ಇಲ್ಲ, ಮಾಲೀಕರಿಗೆ ವೋಟ್ ಇದೆ. ಒಡೆದ ಟೈಲ್ಸು, ಮಣ್ಣು, ಸಿಮೆಂಟ್ ಪುಡಿಯ ಚೀಲಗಳನ್ನು ಬಿಲ್ಡಿಂಗಿನ ಹಿಂದೆ ಪೇರಿಸಿಟ್ಟರು. ಎಲ್ಲಿ ಗೊತ್ತಾ? ನಮ್ಮ ಮಳೆನೀರು ಇಂಗು ಗುಂಡಿಯ ಪಕ್ಕದಲ್ಲಿ. ಮೇ ತಿಂಗಳ ಮೊದಲ ಜೋರು ಮಳೆಗೆ ಆ ಪುಡಿಯೆಲ್ಲ ಗುಂಡಿಗೆ ಇಳಿದು, ಜಲ್ಲಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂತಿತು. ಮೂರು ತಿಂಗಳು ಮಳೆಗಾಗಿ ಬಾಯಿ ಬಿಟ್ಟುಕೊಂಡು ಕಾದ ಬಿಲ್ಡಿಂಗಿನ ಮುಂದೆ ಮಳೆ ನೀರು ರಸ್ತೆಗೆ ಹರಿದು ಹೋಯ್ತು.

ಕಟ್ಟಡದ ಸಾಮಾನು ಅಂದ್ರೆ ಸುಮ್ಮನೆ ಕಲ್ಲು ಮಣ್ಣಲ್ಲ. ಒಂದು ಟೈಲ್ ಒಳಗೆ ಗೂಡಿನಲ್ಲಿ ಅದನ್ನು ಸುಟ್ಟ ಉರುವಲು ಇದೆ, ಲಾರಿಯ ಡೀಸೆಲ್ ಇದೆ. ಒಂದು ಚೀಲ ಸಿಮೆಂಟಿನೊಳಗೆ ಕಲ್ಲಿದ್ದಲು ಇದೆ. ಒಡೆದು ಎಸೆದರೆ ಅಷ್ಟೂ ಕಸಕ್ಕೆ. ಕಟ್ಟಡ ತ್ಯಾಜ್ಯಕ್ಕೆ ಅಂತಲೇ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ರಸ್ತೆಬದಿ, ಚರಂಡಿಗಳಲ್ಲಿ ಸುರಿಯಬಾರದು, ಬೇರ್ಪಡಿಸಿ ಕೊಡಬೇಕು ಅಂತ. ನಮ್ಮ ಊರಿನ ಕೆರೆ ಅಂಚುಗಳನ್ನು ನೋಡಿದರೆ ಆ ನಿಯಮ ಎಷ್ಟು ಜನ ಓದಿದ್ದಾರೆ ಅಂತ ಗೊತ್ತಾಗುತ್ತೆ. ಹಳ್ಳಿಯಲ್ಲಿ ನಮ್ಮ ತಾತನ ಮನೆ ಬಿಚ್ಚಿದಾಗ (ಒಡೆದಾಗ ಅಲ್ಲ, ಬಿಚ್ಚಿದಾಗ. ನಮ್ಮಜ್ಜಿ ಆ ಪದವನ್ನೇ ಬಳಸ್ತಿದ್ದಿದ್ದು) ತೊಲೆ, ಬಾಗಿಲು, ಮಂಗಳೂರು ಹೆಂಚು ಎಲ್ಲ ಚಿಕ್ಕಪ್ಪನ ಕೊಟ್ಟಿಗೆಗೂ ಪಕ್ಕದ ಮನೆಗೂ ಹೋದವು. ಕಲ್ಲಿನ ಚಪ್ಪಡಿ ಇವತ್ತಿಗೂ ಬಚ್ಚಲಿನ ಮುಂದೆ ಇದೆ. ಅವರಿಗೆ ಯಾರೂ ಪರಿಸರ ಪಾಠ ಹೇಳಿಕೊಟ್ಟಿರಲಿಲ್ಲ. ಅಕ್ಕಪಕ್ಕದಲ್ಲಿ ಯಾರಿಗೆ ಏನು ಬೇಕು ಅಂತ ಗೊತ್ತಿತ್ತು, ಅಷ್ಟೇ.

ನಮಗೆ ತಿಳುವಳಿಕೆ ಇಲ್ಲ ಅಂತ ಹೇಳೋ ಹಾಗೂ ಇಲ್ಲ. 2009ರಲ್ಲೇ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 60x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಕಟ್ಟಡಗಳಿಗೆ, 30x40 ಮತ್ತು ಮೇಲ್ಪಟ್ಟ ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ ಮಾಡಿದರು. ಹೇಗೆ ಮಾಡೋದು ಅಂತ ತೋರಿಸೋಕೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನಲ್ಲಿ ಒಂದು ಮಳೆಕೊಯ್ಲು ಪಾರ್ಕನ್ನೇ ಮಾಡಿದ್ದಾರೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯಲ್ಲಿ 1990ರ ದಶಕದಿಂದ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. ಲೆಕ್ಕವೂ ಕಷ್ಟದ್ದಲ್ಲ. 30x40ರ ತಾರಸಿ ಸುಮಾರು 111 ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. ನೂರಕ್ಕೆ ಎಂಬತ್ತು ಹಿಡಿದರೂ 86,000 ಲೀಟರ್. ತಲೆ ಮೇಲೆ ಬೀಳೋದು ಅಷ್ಟು. ನಾವು ಕುಡಿಯೋದು ಎಲ್ಲಿಂದ? ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿಸಿ ತಂದ ಕಾವೇರಿ. ಪಿಯುಸಿಯ ಫಿಸಿಕ್ಸ್ ನೆನಪಿದ್ದವರು ಹಾಕಿ ನೋಡಿ. ಪಂಪು, ಪೈಪುಗಳಲ್ಲಿ ಒಂದಿಷ್ಟೂ ನಷ್ಟವಿಲ್ಲ ಅಂದುಕೊಂಡರೂ 1,000 ಲೀಟರ್ ಎತ್ತೋಕೆ 1.36 ಯೂನಿಟ್ ಕರೆಂಟು ಬೇಕು. ಬೆಂಗಳೂರಲ್ಲಿ ನೀರು ಚೆಲ್ಲೋದು ಅಂದ್ರೆ ಕರೆಂಟು ಚೆಲ್ಲೋದು.

ಉಲ್ಟಾ ಉದಾಹರಣೆಯೂ ಇದೆ. ನಮ್ಮ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಇದೆ, ಕರೆಂಟ್ ಉಳಿಸೋಕೆ. ಮೊದಲ ಮಹಡಿಯ ನಮ್ಮ ಮನೆಗೆ ಬಿಸಿನೀರು ಇಳಿದು ಬರೋ ಹೊತ್ತಿಗೆ ಒಂದೂವರೆ ಬಕೆಟ್ ತಣ್ಣೀರು ಮೋರಿಗೆ ಹೋಗಿರುತ್ತೆ. ಪೈಪಿಗೆ ಇನ್ಸುಲೇಷನ್ ಹಾಕಿ, ನೀರು ಸುತ್ತುತ್ತಾ ಇರೋ ಹಾಗೆ ವಾಪಸ್ ಲೈನು ಕೊಟ್ಟರೆ ಇದು ತಪ್ಪುತ್ತೆ. ಆದರೆ ಬಿಲ್ಡರ್‌ಗೆ ಬೇಕಿದ್ದು 'ಸೋಲಾರ್ ಇದೆ' ಅನ್ನೋ ಟಿಕ್ ಮಾರ್ಕ್ ಮಾತ್ರ. ನಮ್ಮ ಇಂಗು ಗುಂಡಿಯದ್ದೂ ಅದೇ ಕಥೆ. 'ಇದೆ' ಅಂತ ತೋರಿಸೋಕೆ ಇತ್ತು. ಎಷ್ಟು ನೀರು ಇಂಗಿತು ಅಂತ ಯಾರೂ ನೋಡಿರಲಿಲ್ಲ.

ಹಾಗಾದರೆ ಸರಿಯಾಗಿ ಮಾಡಿದವರು ಇಲ್ಲವೇ ಇಲ್ಲವಾ? ಇದ್ದಾರೆ. ಅದೂ ನಮ್ಮಮ್ಮನ ತವರಿನ ತಾಲೂಕಿನಲ್ಲೇ!

ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ಬಯೋಗ್ಯಾಸ್ ಬಗ್ಗೆ ಓದೋವಾಗ 'ಪುರ' ಅನ್ನೋ ಹಳ್ಳಿಯ ಹೆಸರು ಸಿಕ್ಕಿತು. ತುಮಕೂರು ಜಿಲ್ಲೆ, ಕುಣಿಗಲ್ ತಾಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಹಳ್ಳಿಗಳಿಗೆ ಒಗ್ಗೋ ತಂತ್ರಜ್ಞಾನಕ್ಕೆ ಅಂತ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ದರು. ಕಡಿಮೆ ಸೌದೆಯಲ್ಲಿ ಉರಿಯೋ ಅಸ್ತ್ರ ಒಲೆ ಅವರದ್ದೇ (ನಮ್ಮಜ್ಜಿ ಮನೆಯಲ್ಲೂ ಒಂದಿತ್ತು). ಗೂಡಿನಲ್ಲಿ ಸುಡದೆ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡೋ ಮಣ್ಣಿನ ಇಟ್ಟಿಗೆಯನ್ನು ಮನೆ ಕಟ್ಟೋರಿಗೆ ಪರಿಚಯಿಸಿದ್ದೂ ಅವರೇ.

ಅಸ್ತ್ರದವರು ಪುರದಲ್ಲಿ ಇಡೀ ಊರಿಗೆ ಒಂದು ಸಗಣಿ ಗ್ಯಾಸ್ ಸ್ಥಾವರ ಮಾಡಿದರು. ಮೊದಲ ಯೋಚನೆ ಅಡುಗೆಗೆ ಗ್ಯಾಸ್ ಕೊಡೋದು. ಅದು ನಡೆಯಲಿಲ್ಲ. ಊರಿಗೆಲ್ಲ ಅಡುಗೆ ಆಗೋಷ್ಟು ಸಗಣಿ ಇರಲಿಲ್ಲ, ಸೌದೆ ಹೇಗೂ ಕಾಸಿಲ್ಲದೆ ಸಿಗ್ತಿತ್ತು. ಆಮೇಲೆ ಊರಿನವರನ್ನು ಕೇಳಿದಾಗ ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದು ಕುಡಿಯೋ ನೀರು. 1987ರಲ್ಲಿ ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ತೆಗೆದು, ಬೋರಿನಿಂದ ನೀರೆತ್ತಿ ನಲ್ಲಿಗಳಿಗೆ ಬಿಟ್ಟರು. ಮನೆಗಳಿಗೆ ಟ್ಯೂಬ್‌ಲೈಟ್ ಬಂತು.

ನನಗೆ ಮೆಚ್ಚುಗೆಯಾಗಿದ್ದು ಎಂಜಿನ್ ಅಲ್ಲ, ಅವರ ಲೆಕ್ಕ. ಪ್ರತಿ ಮನೆಯವರು ತಂದ ಸಗಣಿಯನ್ನು ತೂಕ ಹಾಕ್ತಿದ್ದರು, ಬರೆದಿಡ್ತಿದ್ದರು. ಗ್ಯಾಸ್ ತೆಗೆದು ಉಳಿದ ಗೊಬ್ಬರವನ್ನು ಅವರವರ ಪಾಲಿಗೆ ತಕ್ಕಂತೆ ವಾಪಸ್ ಕೊಡ್ತಿದ್ದರು, ಹೊತ್ತು ತಂದವರಿಗೆ ಕಿಲೋಗೆ ಇಷ್ಟು ಪೈಸೆ ಅಂತ ಕೂಲಿಯೂ ಇತ್ತು. ಹೊತ್ತು ತರ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ದನ ಇದ್ದವರು ಸಗಣಿ ಕೊಟ್ಟರು, ಆದರೆ ನಲ್ಲಿ ನೀರು ದನ ಇಲ್ಲದವರಿಗೂ ಸಿಕ್ಕಿತು. ಸಗಣಿ ಕಡಿಮೆಯಾದರೆ ಊರಿನ ದೀಪವೇ ಕಡಿಮೆ ಉರಿಯೋದು, ಆಗ ಅಕ್ಕಪಕ್ಕದವರೇ ಕೇಳೋರು. ಯಾರು ಎಷ್ಟು ಕೊಟ್ಟರು ಅಂತ ಎಲ್ಲರಿಗೂ ಗೊತ್ತಿದ್ದರಿಂದ ಪೊಲೀಸೂ ಬೇಕಾಗಲಿಲ್ಲ, ಫ್ಲೆಕ್ಸೂ ಬೇಕಾಗಲಿಲ್ಲ. ಹಲವು ವರ್ಷ ನಡೆದು ಆ ವ್ಯವಸ್ಥೆ ಕೊನೆಗೆ ನಿಂತಿತು, ಅದನ್ನೂ ಹೇಳಬೇಕು. ಆದರೆ ನಿಲ್ಲೋ ಮುಂಚೆ ತೋರಿಸಬೇಕಾದ್ದನ್ನು ತೋರಿಸಿತ್ತು. ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ, "ಸಗಣೀನೂ ತೂಕ ಹಾಕಿದ್ರಾ? ಅಂದ್ರೆ ಯಾರೂ ಮೋಸ ಮಾಡ್ದೇ ಇರೋ ಹಾಗೆ ಮಾಡಿದ್ರು ಅನ್ನು" ಅಂದರು. ನಾನು ಎರಡು ಪ್ಯಾರಾ ಕೊರೆದಿದ್ದನ್ನು ಅಮ್ಮ ಒಂದೇ ವಾಕ್ಯದಲ್ಲಿ ಮುಗಿಸಿದರು.

ಇದಕ್ಕೆ ಸರ್ಕಾರದ ಒಂದು ಯೋಜನೆಯನ್ನು ಹೋಲಿಸಿ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ. ಬಡವರ ಮನೆಯ ಬಿಲ್ಲು ಇಳಿಯೋದಕ್ಕೆ ನನ್ನ ವಿರೋಧ ಖಂಡಿತ ಇಲ್ಲ. ನಾನು ಹೇಳ್ತಿರೋದು ಲೆಕ್ಕದ ಬಗ್ಗೆ. 200 ಯೂನಿಟ್ ಮಿತಿಯೊಳಗೆ, 2022-23ರಲ್ಲಿ ನೀವು ಬಳಸಿದ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಉಚಿತ. ತಿಂಗಳಿಗೆ 30 ಯೂನಿಟ್ ಬಳಸ್ತಿದ್ದ ನಮ್ಮ ಅತ್ತೆಗೆ 33. 160 ಬಳಸ್ತಿದ್ದ ಅವರ ಎದುರುಮನೆಯವರಿಗೆ 176. ಹಿಂದಿನಿಂದಲೂ ದೀಪ ಆರಿಸಿಕೊಂಡು ಬದುಕಿದವರಿಗೆ ಕಡಿಮೆ, ಧಾರಾಳವಾಗಿ ಉರಿಸಿದವರಿಗೆ ಜಾಸ್ತಿ! 2024ರ ಜನವರಿಯಲ್ಲಿ ಇದನ್ನು ಸ್ವಲ್ಪ ಸರಿ ಮಾಡಿ, 48 ಯೂನಿಟ್‌ಗಿಂತ ಕಡಿಮೆ ಬಳಸೋರಿಗೆ ಶೇಕಡಾ 10ರ ಬದಲು 10 ಯೂನಿಟ್ ಅಂತ ಮಾಡಿದರು. ಒಳ್ಳೇದಾಯ್ತು. ಆದರೆ ಮಿತವಾಗಿ ಬಳಸಿದ್ದೇ ತಪ್ಪಾಯ್ತೇನೋ ಅಂತ ಅತ್ತೆಗೆ ಒಮ್ಮೆ ಅನ್ನಿಸಿದ್ದು ಹೋಗಲ್ಲ. ಅದಕ್ಕೆ ಹೋಲಿಸಿದರೆ 2015ರಿಂದ 'ಹೊಸ ಬೆಳಕು' ಅಂತ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬ್ ಹಂಚಿದ್ದು ಚೆನ್ನಾಗಿತ್ತು. 60 ವ್ಯಾಟಿನ ಬುರುಡೆ ಜಾಗಕ್ಕೆ 9 ವ್ಯಾಟಿನದ್ದು ಬಂದರೆ ಬೆಳಕು ಯಾರದ್ದೂ ಕಡಿಮೆಯಾಗಲ್ಲ. ಯಾರನ್ನೂ ಕತ್ತಲಲ್ಲಿ ಕೂರಿಸದೆ ಮಾಡಿದ ಉಳಿತಾಯ ಅದು.

ವಾಪಸ್ ನಮ್ಮ ಬಿಲ್ಡಿಂಗಿಗೆ ಬರ್ತೀನಿ.

ಏಪ್ರಿಲಿನ ಮೀಟಿಂಗಿಗೆ ಹೊಸ ಶೀಟ್ ತಗೊಂಡು ಹೋದೆ. ಈ ಸಲ ಬಣ್ಣ ಇಲ್ಲ, ಗ್ರಾಫ್ ಇಲ್ಲ. ಎರಡೇ ಸಾಲು: ಮೇಲಿನ ಮನೆಗಳು ತಲೆಗೆ 165, ಕೆಳಗಿನ ಕೋಣೆಗಳು ತಲೆಗೆ 57. ಮೊದಲಿನ ಗ್ರಾಫ್ ನಾನೇ ಮಾಡಿದ್ದು, ಅದು ತಪ್ಪು ಅಂತ ಹೇಳಿದೆ. ಗಲಾಟೆ ಆಯ್ತು. "ಟೆನೆಂಟ್ಸ್ ನಮಗೆ ಹೇಳಿಕೊಡಬೇಕಾ?" ಅಂತ ಒಬ್ಬರು. "ಅವರಿಗೆ ಕೊಟ್ಟರೆ ಕೊನೆಯಿಲ್ಲ" ಅಂತ ಇನ್ನೊಬ್ಬರು. ಕೊನೆಗೆ ಎರಡನೇ ಮಹಡಿಯ ಒಬ್ಬರು ನಿವೃತ್ತ ಮೇಡಂ ಎದ್ದು, "57 ಲೀಟರಲ್ಲಿ ನಾವು ಒಂದು ದಿನ ಇರೋಣ, ಆಮೇಲೆ ವೋಟ್ ಮಾಡೋಣ" ಅಂದರು. ಯಾರೂ ಒಪ್ಪಲಿಲ್ಲ ಬಿಡಿ :-) ಆದರೆ ಬೀಗ ತೆಗೆದರು. ಆ ಮನೆಯ ದೊಡ್ಡ ಹುಡುಗಿಗೆ ಆಗ ಏಳನೇ ಕ್ಲಾಸು. ನೀರು ಹಿಡಿಯೋಕೆ ಅಂತ ಆ ತಿಂಗಳು ಒಂಬತ್ತು ದಿನ ಸ್ಕೂಲಿಗೆ ತಡವಾಗಿ ಹೋಗಿದ್ದಳಂತೆ. ಅದು ನನ್ನ ಯಾವ ಶೀಟಿನಲ್ಲೂ ಇರಲಿಲ್ಲ.

ಮನೆಮನೆಗೆ ಮೀಟರ್ ಹಾಕಿಸೋದಕ್ಕೆ ಇನ್ನೊಂದು ವರ್ಷ ಹಿಡಿಯಿತು. ನಮ್ಮಂಥ ಹಳೇ ಬಿಲ್ಡಿಂಗಿನಲ್ಲಿ ಒಂದು ಮನೆಗೆ ಒಂದೇ ಪೈಪು ಬರಲ್ಲ. ಎರಡು ಬಾತ್‌ರೂಮು, ಅಡುಗೆಮನೆ, ಯುಟಿಲಿಟಿ ಅಂತ ನಾಲ್ಕು ಕಡೆಯಿಂದ ಇಳಿಯುತ್ತೆ, ಹಾಗಾಗಿ ನಾಲ್ಕು ಮೀಟರ್. ಖರ್ಚಿನ ಜಗಳ ಮುಗಿದು ಈಗ ಒಂದು ಬ್ಲಾಕಿಗೆ ಆಗಿದೆ, ಇನ್ನೊಂದು ಬಾಕಿ ಇದೆ. ಮೊದಲ ತಿಂಗಳ ರೀಡಿಂಗ್ ಬಂದಾಗ ಬ್ಲಾಕಿನಲ್ಲಿ ಮೂರನೇ ಅತಿ ಹೆಚ್ಚು ಬಳಕೆ ಯಾರದ್ದು ಗೊತ್ತಾ? ನನ್ನದು! ಇಬ್ಬರೇ ಇರೋ ಮನೆ. ಬಳಸದ ಬಾತ್‌ರೂಮಿನ ಫ್ಲಶ್ ಟ್ಯಾಂಕು ಸದ್ದಿಲ್ಲದೆ ದಿನಕ್ಕೆ 350 ಲೀಟರ್ ಸೋರ್ತಿತ್ತು. ಅದೆಷ್ಟು ಕಾಲದಿಂದಲೋ. ಬಹುಶಃ ನಾನು ಬೇಸ್‌ಮೆಂಟಿನ ನಲ್ಲಿಗೆ ಕೆಂಪು ಬಣ್ಣ ಹಚ್ಚಿದ ದಿನವೂ ಸೋರ್ತಿತ್ತು. ಹೊಸ ವಾಷರಿಗೆ 120 ರೂಪಾಯಿ ಆಯ್ತು.

ಗುಂಡಿಯನ್ನು ಪೂರ್ತಿ ತೆಗೆಸಿದೆವು. ಬಂದವರು ತಲೆತಲಾಂತರದಿಂದ ಬಾವಿ ತೋಡೋ ಮಣ್ಣು ವಡ್ಡರ ಕುಟುಂಬದವರು. ಗುಂಡಿಯನ್ನು ನೋಡಿ ನಕ್ಕು, "ಇದು ಬಾವಿ ಅಲ್ಲ ಸಾರ್, ಡಸ್ಟ್‌ಬಿನ್" ಅಂದರು. ಇಪ್ಪತ್ತು ಅಡಿ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ನೀರು ಬರೋ ದಾರಿಯಲ್ಲಿ ಹೂಳು ನಿಲ್ಲೋಕೆ ಒಂದು ಚಿಕ್ಕ ತೊಟ್ಟಿ ಮಾಡಿಕೊಟ್ಟರು. ಈಗ ರಿನೋವೇಷನ್ ಮಾಡೋರು ಮೊದಲು ಡೆಪಾಸಿಟ್ ಕಟ್ಟಬೇಕು, ತ್ಯಾಜ್ಯ ಎಲ್ಲಿಗೆ ಹೋಯ್ತು ಅನ್ನೋ ರಸೀದಿ ತೋರಿಸಿದರೆ ವಾಪಸ್. ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ಕಬ್ಬಿಣದ ಕಪಾಟು ಇಟ್ಟಿದ್ದೇವೆ. ಬಿಚ್ಚಿದ ನಲ್ಲಿ, ಉಳಿದ ಟೈಲ್ಸು, ಬಾಗಿಲಿನ ಚಿಲಕ, ಸಿಂಕು ಎಲ್ಲ ಅಲ್ಲಿಗೆ. ಬೇಕಾದವರು ತಗೋಬಹುದು. ಅದರಲ್ಲಿ ಅರ್ಧ ಸಾಮಾನು ಬೇಗನೆ ಖಾಲಿಯಾಗುತ್ತೆ, ಇನ್ನರ್ಧ ಯಾರಿಗೂ ಬೇಡದ ಶವರ್ ಹೆಡ್ಡುಗಳು.

ಇಷ್ಟಕ್ಕೇ ಜಗತ್ತು ಬದಲಾಯ್ತು ಅಂತ ಹೇಳೋಕೆ ಬರೆದಿದ್ದಲ್ಲ. ನಮ್ಮಲ್ಲಿ ಸಮುದಾಯದ ಹೆಸರಿನಲ್ಲಿ ನಡೆಯೋ ಉಳಿತಾಯದ ಕಾರ್ಯಕ್ರಮಗಳಿಗೆ ದುಡ್ಡು, ತಂತ್ರಜ್ಞಾನ, ಫ್ಲೆಕ್ಸ್ ಯಾವುದೂ ಕಡಿಮೆಯಿಲ್ಲ. ಕಡಿಮೆ ಇರೋದು ಒಂದು ಪ್ರಶ್ನೆ: ಯಾರಿಂದ ಶುರು ಮಾಡ್ತಿದ್ದೀವಿ? ಹೆಚ್ಚು ಬಳಸೋರಿಂದ ಶುರುವಾಗಿ, ಎಲ್ಲರ ಲೆಕ್ಕ ಎಲ್ಲರಿಗೂ ಕಾಣೋ ಹಾಗಿದ್ದರೆ ಅದು ಉಳಿತಾಯ. ಬಾಯಿಲ್ಲದವರಿಂದ ಶುರುವಾದರೆ ಅದು ಕಿತ್ತುಕೊಳ್ಳೋದು. ಎಕ್ಸೆಲ್ಲಿನಲ್ಲಿ ಎರಡೂ ಒಂದೇ ಥರ ಹಸಿರಾಗಿ ಕಾಣುತ್ತೆ, ಅದೇ ಅಪಾಯ.

ನೀವೂ ಅಪಾರ್ಟ್‌ಮೆಂಟಿನಲ್ಲಿದ್ದರೆ ಇವತ್ತು ಸಂಜೆ ಒಂದು ಸಲ ಕೆಳಗೆ ಇಳಿದು, ನಿಮ್ಮ ವಾಚ್‌ಮನ್ನಿನ ಮನೆಗೆ ನೀರು ಎಲ್ಲಿಂದ ಬರುತ್ತೆ, ಎಷ್ಟು ಹೊತ್ತು ಬರುತ್ತೆ ಅಂತ ಕೇಳಿ ನೋಡಿ. ಆಮೇಲೆ ಬಂದು ಬಳಸದ ಬಾತ್‌ರೂಮಿನ ಫ್ಲಶ್ಶಿಗೂ ಒಮ್ಮೆ ಕಿವಿ ಕೊಡಿ. ಏನು ಕಂಡಿತು ಅಂತ ನನಗೂ ತಿಳಿಸಿ.

ಬೇಸ್‌ಮೆಂಟಿನ ನಲ್ಲಿಗೆ ಈಗಲೂ ಮೀಟರ್ ಇದೆ. ತಿಂಗಳ ಕೊನೆಗೆ ರೀಡಿಂಗ್ ತಗೊಳ್ಳೋಕೆ ನಾನು ಹೋದಾಗ ಆ ಹುಡುಗಿಯೇ ಓದಿ ಹೇಳ್ತಾಳೆ, ನಾನು ಬರ್ಕೊಳ್ತೀನಿ. ಈಗ ಅವರಿಗೆ ಅವರದ್ದು ಎಷ್ಟು ಬಂತು ಅಂತ ಗೊತ್ತು. ನಮ್ಮದು ಎಷ್ಟು ಅಂತಲೂ ಗೊತ್ತು.